ಎಲ್ಲವೂ ಕಂಪ್ಯೂಟರ್‌ಗೆ ಬಂತು, ಹೊಸದು ಮಾತ್ರ ಯಾಕೆ ಬರಲಿಲ್ಲ?

ಪ್ರಶ್ನೆ: ನಮ್ಮದು ನೀರೆತ್ತುವ ಪಂಪ್ ತಯಾರಿಸುವ ಕಂಪನಿ. ಸುಮಾರು 300 ಜನ ಇದ್ದೇವೆ. ಮೂರು ವರ್ಷದ ಹಿಂದೆ ಇಆರ್‌ಪಿ (ಖರೀದಿ, ಸ್ಟಾಕ್, ಲೆಕ್ಕಪತ್ರ ಎಲ್ಲವನ್ನೂ ಒಂದೇ ಕಡೆ ನಡೆಸುವ ಸಾಫ್ಟ್‌ವೇರ್) ಹಾಕಿಸಿದೆವು. ಆಮೇಲೆ ಡೇಟಾ ಎಲ್ಲ ಕ್ಲೌಡ್‌ಗೆ ಹೋಯಿತು, ಪ್ರತಿ ವಿಭಾಗಕ್ಕೂ ಡ್ಯಾಶ್‌ಬೋರ್ಡ್ (ಕೆಲಸದ ಅಂಕಿಅಂಶ ತೋರಿಸುವ ಪರದೆ) ಬಂತು, ಕಾಗದದ ಫಾರಂ ಒಂದೂ ಉಳಿದಿಲ್ಲ. ಬಿಲ್ ತಡವಾಗುವುದಿಲ್ಲ, ಸ್ಟಾಕ್ ಎಷ್ಟಿದೆ ಎಂದು ಕೂತಲ್ಲೇ ಗೊತ್ತಾಗುತ್ತದೆ. 'ಡಿಜಿಟಲ್ ಆದರೆ ಹೊಸತನ ತಾನಾಗಿ ಬರುತ್ತದೆ' ಎಂದು ಆಗ ಹೇಳಿದ್ದರು. ಮೂರು ವರ್ಷದಲ್ಲಿ ಒಂದೂ ಹೊಸ ಉತ್ಪನ್ನ ಬಂದಿಲ್ಲ. ಮೊದಲು ಶಾಪ್ ಫ್ಲೋರ್‌ನವರು, ಅಂದರೆ ಯಂತ್ರಗಳ ಮೇಲೆ ಕೆಲಸ ಮಾಡುವವರು, ಬಂದು 'ಸಾರ್, ಇದನ್ನು ಹೀಗೆ ಮಾಡಿದರೆ ಹೇಗೆ' ಎನ್ನುತ್ತಿದ್ದರು. ಈಗ ಅದೂ ಕಡಿಮೆಯಾಗಿದೆ. ಡಿಜಿಟಲ್ ಪರಿವರ್ತನೆಯಿಂದ ಕಂಪನಿಯೊಳಗೆ ಹೊಸತನ ನಿಜವಾಗಿಯೂ ಹೆಚ್ಚುತ್ತದೆಯೇ? ನಾವು ಎಲ್ಲಿ ಎಡವಿದೆವು? ಮುಂದಿನ ವರ್ಷ ಎಐ ಸಾಫ್ಟ್‌ವೇರ್ ಕೊಳ್ಳುವ ಮಾತು ನಡೆದಿದೆ. ಕೊಳ್ಳಬಹುದೇ?

ಉತ್ತರ: ಹೆಚ್ಚುತ್ತದೆ. ಆದರೆ ನಿಮಗೆ ಹೇಳಿದ ಹಾಗೆ ತಾನಾಗಿ ಅಲ್ಲ.

ಡಿಜಿಟಲ್ ಪರಿವರ್ತನೆಯಿಂದ ಹೊಸತನಕ್ಕೆ ಆಗುವ ದೊಡ್ಡ ಉಪಕಾರ ಒಂದೇ. ಒಂದು ಯೋಚನೆಯನ್ನು ಮಾಡಿ ನೋಡುವ ಖರ್ಚು ಇಳಿಯುತ್ತದೆ. ಹಿಡಿಯುವ ಸಮಯ, ಹಾಕುವ ದುಡ್ಡು, ತಪ್ಪಾದರೆ ಆಗುವ ನಷ್ಟ, ಮೂರೂ ಇಳಿಯುತ್ತವೆ. ಆದರೆ ಮಾಡಿ ನೋಡಲು ಬೇಕಾದ ಒಪ್ಪಿಗೆ ಮೊದಲಿನಷ್ಟೇ ಕಷ್ಟವಾಗಿ ಉಳಿದರೆ ಆ ಇಳಿತದಿಂದ ಯಾರಿಗೂ ಏನೂ ಸಿಗುವುದಿಲ್ಲ. ನಿಮ್ಮಲ್ಲಿ ಆಗಿರುವುದು ಇದೇ ಎಂದು ನನಗನ್ನಿಸುತ್ತದೆ. ಮಾಡಿದ ಕೆಲಸ ವ್ಯರ್ಥವಾಗಿಲ್ಲ. ಅರ್ಧ ದಾರಿ ಬಂದಿದ್ದೀರಿ.

ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಸಾಲು ಹೊಸ ಉತ್ಪನ್ನದ ಬಗ್ಗೆ ಇಲ್ಲ. ಶಾಪ್ ಫ್ಲೋರ್‌ನವರು ಸಲಹೆ ಹೇಳುವುದು ಕಡಿಮೆಯಾಗಿದೆ ಎಂಬ ಸಾಲು ಅದು. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಒಂದು ಹಳೆಯ ಕಥೆಯನ್ನು ಬಿಡಿಸಿ ಹೇಳುತ್ತೇನೆ. ನಿಮ್ಮ ಮೂರು ವರ್ಷ ಅದರೊಳಗೇ ಕಾಣುತ್ತದೆ.

ಉಗಿ ಯಂತ್ರದ ಕಾಲದಲ್ಲಿ ಕಾರ್ಖಾನೆಗೊಂದೇ ದೊಡ್ಡ ಎಂಜಿನ್ ಇರುತ್ತಿತ್ತು. ಅದು ಚಾವಣಿಯ ಉದ್ದಕ್ಕೂ ಹಾಕಿದ ಉಕ್ಕಿನ ಶಾಫ್ಟನ್ನು ತಿರುಗಿಸುತ್ತಿತ್ತು. ಶಾಫ್ಟ್‌ನಿಂದ ಪ್ರತಿ ಯಂತ್ರಕ್ಕೂ ಒಂದು ಬೆಲ್ಟ್ ಇಳಿಯುತ್ತಿತ್ತು. ಯಾವ ಯಂತ್ರ ಎಲ್ಲಿರಬೇಕು ಎಂದು ಶಾಫ್ಟೇ ತೀರ್ಮಾನಿಸುತ್ತಿತ್ತು. ಹೆಚ್ಚು ಶಕ್ತಿ ಬೇಡುವ ಯಂತ್ರ ಎಂಜಿನ್ ಹತ್ತಿರ, ಕಡಿಮೆ ಬೇಡುವುದು ದೂರ. ಶಾಫ್ಟ್ ಜಾಸ್ತಿ ಉದ್ದವಾಗಬಾರದು ಎಂದು ಕಟ್ಟಡಗಳನ್ನು ಮಹಡಿಯ ಮೇಲೆ ಮಹಡಿಯಾಗಿ ಕಟ್ಟುತ್ತಿದ್ದರು. ಒಂದು ಯಂತ್ರವನ್ನು ಆಚೆಗೆ ಸರಿಸಬೇಕೆಂದರೂ ಇಡೀ ಏರ್ಪಾಡನ್ನು ಕದಲಿಸಬೇಕಿತ್ತು.

1882ರಲ್ಲಿ ಎಡಿಸನ್ ನ್ಯೂಯಾರ್ಕ್‌ನ ಪರ್ಲ್ ಸ್ಟ್ರೀಟ್‌ನಲ್ಲಿ ವಿದ್ಯುತ್ ಕೇಂದ್ರ ಶುರು ಮಾಡಿದರು. ಆದರೂ 1899ರಲ್ಲಿ ಅಮೆರಿಕದ ಕಾರ್ಖಾನೆಗಳ ಯಂತ್ರಶಕ್ತಿಯಲ್ಲಿ ವಿದ್ಯುತ್ ಮೋಟಾರಿನ ಪಾಲು ಶೇಕಡ 5ಕ್ಕಿಂತ ಕಡಿಮೆ ಇತ್ತು. ಮೋಟಾರ್ ತಂದ ಮಾಲೀಕರಲ್ಲೂ ಅನೇಕರು ಮಾಡಿದ್ದಿಷ್ಟೇ: ಉಗಿ ಎಂಜಿನ್ ತೆಗೆದು ಅದೇ ಜಾಗದಲ್ಲಿ ಒಂದು ದೊಡ್ಡ ಮೋಟಾರ್ ಕೂರಿಸಿದರು. ಶಾಫ್ಟ್ ಅದೇ, ಬೆಲ್ಟ್ ಅದೇ, ಮಹಡಿಗಳೂ ಅವೇ. ಇಂಧನದಲ್ಲಿ ಸ್ವಲ್ಪ ಉಳಿತಾಯವಾಯಿತು, ಹೊಗೆ ಕಡಿಮೆಯಾಯಿತು. ಅದಕ್ಕಿಂತ ಹೆಚ್ಚೇನೂ ಆಗಲಿಲ್ಲ.

ನಿಜವಾದ ಲಾಭ ಬಂದದ್ದು ಪ್ರತಿ ಯಂತ್ರಕ್ಕೂ ಅದರದೇ ಪುಟ್ಟ ಮೋಟಾರ್ ಕೊಟ್ಟ ಮೇಲೆ. ಆಗ ಚಾವಣಿಯ ಶಾಫ್ಟ್ ಬೇಡವಾಯಿತು. ಯಂತ್ರಗಳನ್ನು ಕೆಲಸ ಸಾಗುವ ಕ್ರಮದಲ್ಲಿ ಜೋಡಿಸಬಹುದಾಯಿತು. ಒಂದೇ ಅಂತಸ್ತಿನ, ಬೆಳಕು ಚೆನ್ನಾಗಿ ಬೀಳುವ ಕಾರ್ಖಾನೆಗಳು ಬಂದವು. ಒಂದು ಯಂತ್ರ ಕೆಟ್ಟರೆ ಉಳಿದವು ನಿಲ್ಲುವುದು ತಪ್ಪಿತು. ಉತ್ಪಾದಕತೆ ಎದ್ದು ಕಾಣುವಂತೆ ಏರಿದ್ದು 1920ರ ದಶಕದಲ್ಲಿ. ಅಂದರೆ ವಿದ್ಯುತ್ ಬಂದು ಸುಮಾರು 40 ವರ್ಷದ ನಂತರ!

ಅರ್ಥಶಾಸ್ತ್ರಜ್ಞ ಪಾಲ್ ಡೇವಿಡ್ ಈ ಇತಿಹಾಸವನ್ನು 1990ರಲ್ಲಿ ಕಂಪ್ಯೂಟರ್ ಜೊತೆ ಹೋಲಿಸಿ ಬರೆದರು. ಅದಕ್ಕೆ ಕಾರಣವಿತ್ತು. ಕಂಪ್ಯೂಟರ್ ಯುಗ ಎಲ್ಲೆಲ್ಲೂ ಕಾಣುತ್ತದೆ, ಉತ್ಪಾದಕತೆಯ ಅಂಕಿಅಂಶದಲ್ಲಿ ಮಾತ್ರ ಕಾಣುವುದಿಲ್ಲ ಎಂದು ರಾಬರ್ಟ್ ಸೋಲೋ 1987ರಲ್ಲಿ ಹೇಳಿದ್ದರು. ಅದೇ ವರ್ಷ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ಕಂಪ್ಯೂಟರಿನಲ್ಲಿ ದೋಷವಿದೆ ಎಂದು ಡೇವಿಡ್ ಹೇಳಲಿಲ್ಲ. ಶಾಫ್ಟ್ ಇನ್ನೂ ಚಾವಣಿಯಲ್ಲೇ ಇದೆ ಎಂಬುದು ಅವರ ಮಾತಿನ ಸಾರ.

ನಿಮ್ಮ ಕಂಪನಿಯಲ್ಲಿ ಆ ಶಾಫ್ಟ್ ಯಾವುದು? ಬಹುಮಟ್ಟಿಗೆ ಅದು ಒಪ್ಪಿಗೆಯ ಸರಪಳಿ. ಕಾಗದದ ಫಾರಂನಲ್ಲಿ ಏಳು ಸಹಿ ಬೇಕಿತ್ತು ಅಂದುಕೊಳ್ಳಿ. ಇಆರ್‌ಪಿ ಬಂದ ಮೇಲೆ ಏಳು ಕ್ಲಿಕ್ ಬೇಕು. ಫಾರಂ ಬೇಗ ಓಡುತ್ತದೆ, ನಿಜ. ಆದರೆ ಏಳು ಜನ ಯಾಕೆ ಒಪ್ಪಬೇಕು ಎಂಬ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ, ಅಲ್ವಾ? ಕಾಗದದ ಕಾಲದಲ್ಲಾದರೆ ತುರ್ತು ಬಂದಾಗ ಎರಡು ಸಹಿ ಹಾಕಿಸಿ ಕೆಲಸ ಶುರು ಮಾಡಿ, ಉಳಿದದ್ದನ್ನು ಆಮೇಲೆ ನೋಡಿಕೊಳ್ಳುತ್ತಿದ್ದರು. ಸಿಸ್ಟಂ ಅದಕ್ಕೂ ಬಿಡುವುದಿಲ್ಲ. ಹಳೆಯ ಕ್ರಮದಲ್ಲಿದ್ದ ಸಡಿಲವೂ ಹೋಗಿ, ಅದೇ ಕ್ರಮ ಇನ್ನಷ್ಟು ಗಟ್ಟಿಯಾಗುತ್ತದೆ.

ಕಂಪ್ಯೂಟರ್‌ಗೆ ಹಾಕುವುದಕ್ಕೂ ಕೆಲಸವನ್ನೇ ಹೊಸದಾಗಿ ಕಟ್ಟುವುದಕ್ಕೂ ಎಷ್ಟು ಅಂತರವಿದೆ ಎಂಬುದಕ್ಕೆ ಫೋರ್ಡ್ ಕಂಪನಿಯ ಬಿಲ್ ಪಾವತಿ ವಿಭಾಗ ಒಳ್ಳೆಯ ಉದಾಹರಣೆ. 1980ರ ದಶಕದ ಆರಂಭದಲ್ಲಿ ಉತ್ತರ ಅಮೆರಿಕದಲ್ಲಿ ಈ ಒಂದೇ ವಿಭಾಗಕ್ಕೆ 500ಕ್ಕೂ ಹೆಚ್ಚು ಜನ ಇದ್ದರು. ಕಂಪ್ಯೂಟರ್ ಹಾಕಿಸಿ ಅದನ್ನು 400ಕ್ಕೆ ಇಳಿಸುವ ಯೋಜನೆ ಮಾಡಿದರು. ಆಮೇಲೆ ಮಜ್ದಾ ಕಂಪನಿಯನ್ನು ನೋಡಿದರೆ ಅಲ್ಲಿ ಇದೇ ಕೆಲಸಕ್ಕೆ ಇದ್ದವರು 5 ಜನ. ಮಜ್ದಾ ಚಿಕ್ಕದು ಎಂದು ಲೆಕ್ಕ ಹಿಡಿದರೂ ಇದು ನಂಬಲಾಗದ ವ್ಯತ್ಯಾಸ.

ಫೋರ್ಡ್‌ನವರ ಸಮಯ ಎಲ್ಲಿ ಹೋಗುತ್ತಿತ್ತು? ಪರ್ಚೇಸ್ ಆರ್ಡರ್, ಗೋಡೌನ್‌ನಿಂದ ಬಂದ ರಸೀದಿ, ಮಾರಾಟಗಾರ ಕಳಿಸಿದ ಇನ್‌ವಾಯ್ಸ್, ಈ ಮೂರೂ ತಾಳೆಯಾಗುತ್ತವೆಯೇ ಎಂದು ನೋಡುವುದರಲ್ಲಿ. ತಾಳೆಯಾಗದಿದ್ದರೆ ಯಾಕೆಂದು ಹುಡುಕುವುದರಲ್ಲಿ ಇನ್ನೂ ಜಾಸ್ತಿ. ಕೊನೆಗೆ ಅವರು ತಾಳೆ ನೋಡುವ ಕೆಲಸವನ್ನು ವೇಗಗೊಳಿಸಲಿಲ್ಲ, ಇನ್‌ವಾಯ್ಸನ್ನೇ ತೆಗೆದುಹಾಕಿದರು. ಆರ್ಡರ್ ಡೇಟಾಬೇಸ್‌ನಲ್ಲಿ ಇರುತ್ತದೆ. ಸರಕು ಬಾಗಿಲಿಗೆ ಬಂದಾಗ ಅಲ್ಲಿರುವ ನೌಕರರೇ ಪರದೆ ನೋಡುತ್ತಾರೆ. ಆರ್ಡರ್ ಇದ್ದರೆ ಒಪ್ಪಿಕೊಳ್ಳುತ್ತಾರೆ, ಪಾವತಿ ತಾನಾಗಿ ಹೋಗುತ್ತದೆ. ಇಲ್ಲದಿದ್ದರೆ ಸರಕು ವಾಪಸ್. ಹೊಸ ಕ್ರಮ ಬಂದ ಕಡೆ ಈ ಕೆಲಸಕ್ಕೆ ಬೇಕಾದ ಜನ ಶೇಕಡ 75ರಷ್ಟು ಕಡಿಮೆಯಾದರು. ನಿರ್ವಹಣಾ ತಜ್ಞ ಮೈಕಲ್ ಹ್ಯಾಮರ್ 1990ರಲ್ಲಿ ಈ ಉದಾಹರಣೆಯನ್ನು ಬರೆದಾಗ ಜನರ ಸಂಖ್ಯೆಯೇ ಎಲ್ಲರ ಕಣ್ಣಿಗೆ ಬಿತ್ತು. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಬೇರೆಯದು: ನಿರ್ಧಾರ ಮಾಡುವ ಹಕ್ಕು ಲೆಕ್ಕಪತ್ರ ವಿಭಾಗದಿಂದ ಗೋಡೌನ್ ಬಾಗಿಲಲ್ಲಿ ನಿಂತವರ ಕೈಗೆ ಬಂತು. ಡೇಟಾ ಎಲ್ಲರಿಗೂ ಕಾಣುವಾಗ ಮಾತ್ರ ಅದು ಸಾಧ್ಯ.

ಈಗ ಹೊಸತನದ ಎಂಜಿನ್‌ಗೆ ಬರೋಣ. 1979ರಲ್ಲಿ ವಿಸಿಕ್ಯಾಲ್ಕ್ ಎಂಬ ಸ್ಪ್ರೆಡ್‌ಶೀಟ್ ಬಂತು. ಅದಕ್ಕೆ ಮೊದಲು ಬಜೆಟ್ ಮಾಡುವವರು ದೊಡ್ಡ ಕಾಗದದ ಮೇಲೆ ಸಾಲು ಸಾಲು ಅಂಕಿ ಬರೆಯುತ್ತಿದ್ದರು. ಒಂದು ಅಂಕಿ ಬದಲಾದರೆ ಉಳಿದದ್ದನ್ನೆಲ್ಲ ಅಳಿಸಿ ಮತ್ತೆ ಕೂಡಬೇಕು. ಹಾಗಾಗಿ 'ಬೆಲೆಯನ್ನು ಸ್ವಲ್ಪ ಇಳಿಸಿದರೆ ಏನಾಗುತ್ತದೆ' ಎಂದು ಯಾರೂ ಸುಮ್ನೆ ಕೇಳುತ್ತಿರಲಿಲ್ಲ. ಕೇಳಿದರೆ ಯಾರೋ ಒಬ್ಬರ ಒಂದು ಸಂಜೆ ಹೋಗುತ್ತಿತ್ತು. ಸ್ಪ್ರೆಡ್‌ಶೀಟ್ ಬಂದ ಮೇಲೆ ಆ ಪ್ರಶ್ನೆಗೆ ಒಂದು ಕ್ಷಣ ಸಾಕು. ಜನ ಇಪ್ಪತ್ತು ರೀತಿಯಲ್ಲಿ ಕೇಳತೊಡಗಿದರು. ಲೆಕ್ಕ ಬೇಗ ಆಯಿತು ಎಂಬುದು ಸಣ್ಣ ಲಾಭ. ಕೇಳದೇ ಉಳಿಯುತ್ತಿದ್ದ ಪ್ರಶ್ನೆಗಳನ್ನು ಜನ ಕೇಳಿದರು ಎಂಬುದು ದೊಡ್ಡದು.

ಇದನ್ನು ಇನ್ನೂ ಹತ್ತಿರದಿಂದ ನೋಡಲು ಮೈಕ್ರೋಸಾಫ್ಟ್‌ನ ಬಿಂಗ್ ಹುಡುಕಾಟ ಯಂತ್ರದ ಒಂದು ಘಟನೆ ಇದೆ. ಜಾಹೀರಾತಿನ ಶೀರ್ಷಿಕೆಯ ಸಾಲನ್ನು ಸ್ವಲ್ಪ ಉದ್ದ ಮಾಡಿ ತೋರಿಸೋಣ ಎಂದು ಒಬ್ಬ ನೌಕರರು ಸೂಚಿಸಿದರು. ಕೆಲವೇ ದಿನದ ಕೆಲಸ. ಆದರೆ ಆಗ ಬಂದಿದ್ದ ನೂರಾರು ಸಲಹೆಗಳ ನಡುವೆ ಇದು ಮುಖ್ಯವಲ್ಲ ಎಂದು ಮೇಲಿನವರಿಗೆ ಅನ್ನಿಸಿತು. ಆರು ತಿಂಗಳಿಗೂ ಹೆಚ್ಚು ಕಾಲ ಮೂಲೆಯಲ್ಲಿ ಬಿತ್ತು. 2012ರಲ್ಲಿ ಒಬ್ಬ ಎಂಜಿನಿಯರ್ ಅದನ್ನು ಬರೆದು, ಕೆಲವು ಬಳಕೆದಾರರಿಗೆ ಹೊಸದನ್ನೂ ಕೆಲವರಿಗೆ ಹಳೆಯದನ್ನೂ ತೋರಿಸುವ ಎ/ಬಿ ಪರೀಕ್ಷೆಗೆ ಬಿಟ್ಟರು. ಕೆಲವೇ ಗಂಟೆಯಲ್ಲಿ ಎಚ್ಚರಿಕೆಯ ಸಂದೇಶ ಬಂತು: ಆದಾಯ ಅಸಹಜವಾಗಿ ಏರುತ್ತಿದೆ, ಎಲ್ಲೋ ತಪ್ಪಾಗಿರಬೇಕು ಎಂದು. ತಪ್ಪಾಗಿರಲಿಲ್ಲ. ಆದಾಯ ಶೇಕಡ 12ರಷ್ಟು ಏರಿತ್ತು. ಅಮೆರಿಕ ಒಂದರಲ್ಲೇ ವರ್ಷಕ್ಕೆ 10 ಕೋಟಿ ಡಾಲರ್‌ಗಿಂತ ಹೆಚ್ಚು.

ಯೋಚನೆ ಇತ್ತು, ತಂತ್ರಜ್ಞಾನ ಇತ್ತು, ಪರೀಕ್ಷೆ ಮಾಡುವ ಸಾಧನವೂ ಇತ್ತು. ತಡೆದಿದ್ದು 'ಇದು ಮುಖ್ಯವಲ್ಲ' ಎಂಬ ಒಬ್ಬರ ಅಂದಾಜು. ಆ ಮೇಲಧಿಕಾರಿಯನ್ನು ನಾನು ದೂರುವುದಿಲ್ಲ. ಮೈಕ್ರೋಸಾಫ್ಟ್‌ನ ಪರೀಕ್ಷೆಗಳನ್ನೆಲ್ಲ ಲೆಕ್ಕ ಹಾಕಿದಾಗ ಸುಮಾರು ಮೂರರಲ್ಲಿ ಒಂದು ಯೋಚನೆಯಿಂದ ಲಾಭವಾಗಿತ್ತು, ಒಂದರಿಂದ ಏನೂ ಆಗಿರಲಿಲ್ಲ, ಒಂದು ಕೆಡಿಸಿತ್ತು. ಅನುಭವಿ ಜನ ಆರಿಸಿ ಕಟ್ಟಿದ ಯೋಚನೆಗಳ ಗತಿಯೇ ಇದು. ಯಾವ ಯೋಚನೆ ಗೆಲ್ಲುತ್ತದೆ ಎಂದು ಮೊದಲೇ ಹೇಳುವ ಕಣ್ಣು ಯಾರಿಗೂ ಇಲ್ಲ. ಮಾಡಿ ನೋಡುವುದು ದುಬಾರಿಯಾಗಿದ್ದ ಕಾಲದಲ್ಲಿ ಹಿರಿಯರ ಅಂದಾಜನ್ನು ನಂಬುವುದು ಬುದ್ಧಿವಂತಿಕೆಯೇ ಆಗಿತ್ತು. ಅಗ್ಗವಾದ ಮೇಲೂ ಅಂದಾಜಿನಲ್ಲೇ ಸೋಸುತ್ತಿದ್ದರೆ ಡಿಜಿಟಲ್ ಪರಿವರ್ತನೆಯ ಬಹುಪಾಲು ಫಲ ಕೈಬಿಟ್ಟಂತೆ.

ನೀವು ಕೇಳಬಹುದು: ಅವರದು ವೆಬ್‌ಸೈಟ್, ನಮ್ಮದು ಎರಕದ ಕಬ್ಬಿಣದ ಪಂಪ್. ಸರಿಯಾದ ಪ್ರಶ್ನೆ. ಲಕ್ಷಾಂತರ ಬಳಕೆದಾರರಿರುವ ಕಡೆ ನಡೆಯುವ ಎ/ಬಿ ಪರೀಕ್ಷೆ ನಿಮ್ಮಲ್ಲಿ ನಡೆಯುವುದಿಲ್ಲ. ನಲವತ್ತು ಗ್ರಾಹಕರ ಮೇಲೆ ಮಾಡಿದ ಪರೀಕ್ಷೆಯಲ್ಲಿ ಬಂದ ವ್ಯತ್ಯಾಸ ನಿಜವೋ ಕಾಕತಾಳೀಯವೋ ತಿಳಿಯುವುದು ಕಷ್ಟ. ಆ ಕಂಪನಿಗಳನ್ನು ಕಣ್ಣು ಮುಚ್ಚಿ ಅನುಸರಿಸಬೇಡಿ. ಆದರೆ ಮಾಡಿ ನೋಡುವ ಖರ್ಚು ನಿಮ್ಮಲ್ಲೂ ಇಳಿದಿದೆ, ಬೇರೆ ದಾರಿಯಲ್ಲಿ. ಇಂಪೆಲ್ಲರ್‌ನ (ಪಂಪ್‌ನೊಳಗೆ ತಿರುಗಿ ನೀರನ್ನು ತಳ್ಳುವ ಚಕ್ರದ) ರೆಕ್ಕೆಯ ಕೋನ ಬದಲಾಯಿಸಿದರೆ ನೀರಿನ ಹರಿವು ಹೇಗಾಗುತ್ತದೆ ಎಂದು ಕಂಪ್ಯೂಟರ್ ಮಾದರಿಯಲ್ಲೇ ನೋಡಬಹುದು. ಅಚ್ಚು ಮಾಡಿಸದೆ 3ಡಿ ಪ್ರಿಂಟ್‌ನಲ್ಲಿ ನಮೂನೆ ತೆಗೆಯಬಹುದು. ಗ್ರಾಹಕರ ಜಾಗದಲ್ಲಿ ಓಡುತ್ತಿರುವ ಐದಾರು ಪಂಪ್‌ಗೆ ಕಂಪನ ಮತ್ತು ಬಿಸಿ ಅಳೆಯುವ ಸೆನ್ಸರ್ ಹಾಕಿ, ಬೇರಿಂಗ್ ಕೆಡುವ ಮೊದಲು ಏನು ಕಾಣುತ್ತದೆ ಎಂದು ತಿಳಿಯಬಹುದು. ಇವುಗಳಲ್ಲಿ ಯಾವುದನ್ನಾದರೂ ನಿಮ್ಮ ಡಿಸೈನ್ ವಿಭಾಗದ ಕಿರಿಯ ಎಂಜಿನಿಯರ್ ಮುಂದಿನ ಸೋಮವಾರ ಯಾರನ್ನೂ ಕೇಳದೆ ಶುರು ಮಾಡಬಹುದೇ? ಉತ್ತರ 'ಇಲ್ಲ' ಎಂದಾದರೆ ಚಾವಣಿಯ ಶಾಫ್ಟ್ ಅಲ್ಲೇ ಇದೆ.

ಸ್ವಾತಂತ್ರ್ಯ ಕೊಡುವಾಗ ಬೇಲಿಯೂ ಬೇಕು. 2012ರ ಆಗಸ್ಟ್ 1ರಂದು ಅಮೆರಿಕದ ನೈಟ್ ಕ್ಯಾಪಿಟಲ್ ಎಂಬ ಷೇರು ವಹಿವಾಟು ಕಂಪನಿ ಹೊಸ ಸಾಫ್ಟ್‌ವೇರ್ ಓಡಿಸಿತು. ಎಂಟು ಸರ್ವರ್‌ಗಳಲ್ಲಿ ಒಂದಕ್ಕೆ ಹೊಸ ಪ್ರೋಗ್ರಾಂ ಹಾಕುವುದು ತಪ್ಪಿಹೋಗಿತ್ತು. ಅದರಲ್ಲಿದ್ದ ಹಳೆಯ ಪ್ರೋಗ್ರಾಂ ಎದ್ದು, ಸಿಕ್ಕಾಪಟ್ಟೆ ಷೇರು ಕೊಂಡು ಮಾರತೊಡಗಿತು. ಸುಮಾರು 45 ನಿಮಿಷದಲ್ಲಿ 44 ಕೋಟಿ ಡಾಲರ್ ನಷ್ಟವಾಯಿತು. ಡಿಜಿಟಲ್‌ನಲ್ಲಿ ಬದಲಾವಣೆ ಎಷ್ಟು ಬೇಗ ಹರಡುತ್ತದೋ ತಪ್ಪೂ ಅಷ್ಟೇ ಬೇಗ ಹರಡುತ್ತದೆ. ಅದಕ್ಕೇ ನಾನು ಹೇಳುವುದು: ಅನುಮತಿಯ ಸಾಲನ್ನು ಕಡಿಮೆ ಮಾಡಿ, ಪ್ರಯೋಗದ ಗಾತ್ರಕ್ಕೆ ಮಿತಿ ಹಾಕಿ. ಐದು ಪಂಪ್, ಒಬ್ಬ ಒಪ್ಪಿದ ಗ್ರಾಹಕ, ಒಂದು ತಿಂಗಳು, ಹಿಂದಕ್ಕೆ ಬರುವ ದಾರಿ. ಇಷ್ಟು ಬರೆದಿಟ್ಟರೆ ಸಾಕು, ಏಳು ಕ್ಲಿಕ್ ಬೇಡ.

ಇನ್ನು ಸಲಹೆ ಕಡಿಮೆಯಾದ ವಿಷಯ. ಇದಕ್ಕೆ ಜಾಸ್ತಿ ಜಾಗ ಕೊಡುತ್ತೇನೆ.

ಮೊದಲ ಕಾರಣ, ಜನ ಎದುರುಬದುರು ಸಿಗುವುದು ಕಡಿಮೆಯಾಗಿದೆ. ಹಿಂದೆ ಫಾರಂ ಹಿಡಿದು ಸ್ಟೋರ್‌ಗೆ ಹೋಗುತ್ತಿದ್ದವರು ಈಗ ಕೂತಲ್ಲಿಂದ ಕಳಿಸುತ್ತಾರೆ. ದಾರಿಯಲ್ಲಿ ಸಿಗುತ್ತಿದ್ದ ಮಾತು ನಿಂತಿದೆ. ಇದು ಹಳೆಯದನ್ನು ನೆನೆದು ಹೇಳುವ ಮಾತಲ್ಲ, ಅಳೆದು ನೋಡಿದ್ದಾರೆ. 1970ರ ದಶಕದಲ್ಲೇ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಥಾಮಸ್ ಅಲೆನ್, ಎಂಜಿನಿಯರುಗಳ ಮೇಜಿನ ನಡುವಿನ ದೂರ ಹೆಚ್ಚಿದಂತೆ ಕೆಲಸದ ಮಾತುಕತೆ ಹೇಗೆ ಬೀಳುತ್ತದೆ ಎಂದು ತೋರಿಸಿದ್ದರು. ಸುಮಾರು 50 ಮೀಟರ್ ದಾಟಿದರೆ ವಾರಕ್ಕೊಮ್ಮೆ ಮಾತಾಡುವುದೂ ಅಪರೂಪ. ಫೋನ್, ಚಾಟ್ ಇದ್ದರೆ ದೂರ ಲೆಕ್ಕಕ್ಕಿಲ್ಲ ಎಂದು ನಾವು ಅಂದುಕೊಂಡಿದ್ದೆವು. 2020ರಲ್ಲಿ ಎಲ್ಲರೂ ಮನೆಯಿಂದ ಕೆಲಸಕ್ಕೆ ಇಳಿದಾಗ ಮೈಕ್ರೋಸಾಫ್ಟ್‌ನ 61,000ಕ್ಕೂ ಹೆಚ್ಚು ನೌಕರರ ಸಂಪರ್ಕದ ದಾಖಲೆ ನೋಡಿದರು. ತಮ್ಮ ಗುಂಪಿನೊಳಗಿನ ಕೊಂಡಿ ಬಿಗಿಯಾಗಿತ್ತು. ಬೇರೆ ಗುಂಪಿನವರ ಜೊತೆ ಕಳೆಯುವ ಸಮಯದ ಪಾಲು ಸುಮಾರು ಕಾಲು ಭಾಗ ಕುಸಿದಿತ್ತು.

ಹೊಸತನಕ್ಕೆ ಈ ಬೇರೆ ಗುಂಪಿನ ಕೊಂಡಿ ಯಾಕೆ ಬೇಕು? 3ಎಂ ಕಂಪನಿಯಲ್ಲಿ 1968ರಲ್ಲಿ ಸ್ಪೆನ್ಸರ್ ಸಿಲ್ವರ್ ಎಂಬ ವಿಜ್ಞಾನಿ ಗಟ್ಟಿಯಾದ ಅಂಟು ಮಾಡಲು ಹೋಗಿ, ಹಗುರವಾಗಿ ಅಂಟಿ ಸುಲಭವಾಗಿ ಬಿಡುವ ಅಂಟನ್ನು ಮಾಡಿದರು. ಅದಕ್ಕೊಂದು ಉಪಯೋಗ ಸಿಗಲಿಲ್ಲ. ಕಂಪನಿಯೊಳಗೆ ಸಿಕ್ಕವರಿಗೆಲ್ಲ ವರ್ಷಗಟ್ಟಲೆ ಅದರ ಬಗ್ಗೆ ಹೇಳುತ್ತಾ ಹೋದರು. ಬೇರೆ ವಿಭಾಗದ ಆರ್ಟ್ ಫ್ರೈ ಅಂಥದೊಂದು ಮಾತಿನಲ್ಲಿ ಇದನ್ನು ಕೇಳಿದ್ದರು. 1974ರಲ್ಲಿ ಅವರಿಗೆ ಹಾಡಿನ ಪುಸ್ತಕದಿಂದ ಜಾರಿ ಬೀಳುವ ಗುರುತಿನ ಚೀಟಿಗೆ ಈ ಅಂಟು ಸರಿ ಎಂದು ಹೊಳೆಯಿತು. 1980ರಲ್ಲಿ ಪೋಸ್ಟ್-ಇಟ್ ಅಮೆರಿಕದಾದ್ಯಂತ ಮಾರುಕಟ್ಟೆಗೆ ಬಂತು. ಉತ್ತರ ಒಬ್ಬರ ಹತ್ತಿರ ಇತ್ತು, ಪ್ರಶ್ನೆ ಇನ್ನೊಬ್ಬರ ಹತ್ತಿರ ಇತ್ತು, ಇಬ್ಬರೂ ಒಂದೇ ಕಂಪನಿಯಲ್ಲಿದ್ದರು. ಆದರೂ 12 ವರ್ಷ ಹಿಡಿಯಿತು. ಹುಡುಕಬಲ್ಲ ಡೇಟಾಬೇಸ್ ಇದ್ದಿದ್ದರೆ ಬೇಗ ಆಗುತ್ತಿತ್ತೇ? ಆಗಬಹುದಿತ್ತು. ಆದರೆ ಫ್ರೈ ಯಾವ ಪದ ಹಾಕಿ ಹುಡುಕುತ್ತಿದ್ದರು? ಡೇಟಾಬೇಸ್‌ನಲ್ಲಿ ಅದು 'ವಿಫಲವಾದ ಅಂಟು' ಎಂದು ಕೂತಿರುತ್ತಿತ್ತು.

ಹಾಗಂತ ಎಲ್ಲವೂ ಎದುರುಬದುರು ಕೂತೇ ಆಗಬೇಕಿಲ್ಲ. 2022ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಸಂಶೋಧಕರಾದ ಮೆಲನಿ ಬ್ರಕ್ಸ್ ಮತ್ತು ಜೊನಾಥನ್ ಲೆವಾವ್ ಐದು ದೇಶಗಳ ಎಂಜಿನಿಯರುಗಳನ್ನು ಜೋಡಿ ಜೋಡಿಯಾಗಿ ಕೂರಿಸಿ ನೋಡಿದರು. ವಿಡಿಯೋ ಕರೆಯಲ್ಲಿ ಕೂತವರಿಗೆ ಯೋಚನೆಗಳು ಕಡಿಮೆ ಹೊಳೆದವು. ಆದರೆ ಇರುವ ಯೋಚನೆಗಳಲ್ಲಿ ಒಳ್ಳೆಯದನ್ನು ಆರಿಸುವುದರಲ್ಲಿ ಅವರೇನೂ ಹಿಂದೆ ಬೀಳಲಿಲ್ಲ. ಹೊಳೆಯಿಸಲು ಒಟ್ಟಿಗೆ ಕೂರಿ, ಆರಿಸಲು ಎಲ್ಲಿಂದಾದರೂ ಸೇರಿ ಎಂದು ನಾನು ಇದನ್ನು ಬಳಸಿಕೊಳ್ಳುತ್ತೇನೆ.

ಎರಡನೇ ಕಾರಣ ಸ್ವಲ್ಪ ಒಳಗೆ ಅಡಗಿದೆ. ಸಿಸ್ಟಂನಲ್ಲಿ ಪ್ರತಿಯೊಂದಕ್ಕೂ ಗೊತ್ತಾದ ಖಾನೆ ಇರುತ್ತದೆ. ದೂರಿಗೆ ಹನ್ನೆರಡು ಬಗೆ, ಪಟ್ಟಿಯಿಂದ ಒಂದನ್ನು ಆರಿಸಬೇಕು. ಹದಿಮೂರನೇ ಬಗೆಯ ದೂರು ಬಂದರೆ? ಹತ್ತಿರದ ಒಂದಕ್ಕೆ ತುರುಕುತ್ತಾರೆ. ಹೊಸತನದ ಬೀಜ ಇರುವುದೇ ಆ ಹದಿಮೂರನೇ ಬಗೆಯಲ್ಲಿ, ಅದು ದಾಖಲೆಯಲ್ಲಿ ಅಳಿಸಿಹೋಗುತ್ತದೆ. ಹಿಂದೊಮ್ಮೆ ಬಿಡಿಭಾಗ ತಯಾರಿಸುವ ಒಂದು ಕಂಪನಿಯಲ್ಲಿ ನಾನು ಎರಡು ವಾರ ಡ್ಯಾಶ್‌ಬೋರ್ಡ್ ನೋಡಿದೆ, ಏನೂ ಸಿಗಲಿಲ್ಲ. ಸರ್ವಿಸ್ ವಿಭಾಗದ ಹಿರಿಯ ನೌಕರರೊಬ್ಬರ ಹತ್ತಿರ ಅವರದೇ ಎಕ್ಸೆಲ್ ಫೈಲ್ ಇತ್ತು. ಸಿಸ್ಟಂ ತೆಗೆದುಕೊಳ್ಳದ ಟಿಪ್ಪಣಿಗಳನ್ನೆಲ್ಲ ಅವರು ಅದರಲ್ಲಿ ಬರೆದಿಡುತ್ತಿದ್ದರು. ಒಂದೇ ಭಾಗವನ್ನು ಹಲವು ಗ್ರಾಹಕರು ತಾವೇ ಕೊರೆದು ಬೇರೆ ರೀತಿ ಬಳಸುತ್ತಿದ್ದಾರೆ ಎಂದು ಅದರಲ್ಲಿತ್ತು. ಹೊಸ ಉತ್ಪನ್ನದ ವಿನ್ಯಾಸವನ್ನು ಗ್ರಾಹಕರೇ ಮಾಡಿಕೊಟ್ಟಿದ್ದರು. ಆ ಫೈಲ್ ಇಟ್ಟುಕೊಂಡದ್ದಕ್ಕೆ 'ಡೇಟಾ ಸಿಸ್ಟಂ ಹೊರಗೆ ಇರಬಾರದು' ಎಂದು ಅವರಿಗೆ ಎಚ್ಚರಿಕೆಯ ಪತ್ರ ಬಂದಿತ್ತು. ಅದನ್ನು ಓದಿದಾಗ ನನಗಾದ ಬೇಸರ ಇನ್ನೂ ಹೋಗಿಲ್ಲ.

ನಿಮ್ಮಲ್ಲೂ ಇಂಥ ಫೈಲ್‌ಗಳು ಇವೆ, ಖಂಡಿತ ಇವೆ. ದಯವಿಟ್ಟು ಅವನ್ನು ಮುಚ್ಚಿಸಬೇಡಿ. ಪ್ರತಿ ಗುಟ್ಟಿನ ಎಕ್ಸೆಲ್ ಹಿಂದೆಯೂ ಸಿಸ್ಟಂಗೆ ತಿಳಿಯದ ಒಂದು ನಿಜ ಇರುತ್ತದೆ. ಶಿಕ್ಷೆ ಇಲ್ಲ ಎಂದು ಮೊದಲು ಹೇಳಿ, ಆಮೇಲೆ ಪಕ್ಕದಲ್ಲಿ ಕೂತು ತೋರಿಸಲು ಕೇಳಿ.

ಮೂರನೆಯದು ಡ್ಯಾಶ್‌ಬೋರ್ಡ್‌ನ ಭಯ. ಅಳತೆಯೇ ಗುರಿಯಾದರೆ ಅದು ಒಳ್ಳೆಯ ಅಳತೆಯಾಗಿ ಉಳಿಯುವುದಿಲ್ಲ ಎಂಬ ಮಾತಿದೆ, ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ ಹೆಸರಿನಲ್ಲಿ ಕರೆಯುತ್ತಾರೆ. ಪ್ರತಿ ಗಂಟೆಯ ಉತ್ಪಾದನೆ ಮೇಲಿನವರ ಪರದೆಯಲ್ಲಿ ಹಸಿರು, ಕೆಂಪಾಗಿ ಹೊಳೆಯುತ್ತಿದ್ದರೆ, ಹೊಸ ರೀತಿ ಮಾಡಿ ನೋಡಲು ಯಂತ್ರವನ್ನು ಅರ್ಧ ಗಂಟೆ ನಿಲ್ಲಿಸುವ ಧೈರ್ಯ ಯಾರಿಗೆ ಬರುತ್ತದೆ? ಪ್ರಯೋಗಕ್ಕೆ ಹೋದ ಸಮಯವನ್ನು ಕೆಂಪಿನಲ್ಲಿ ತೋರಿಸಬೇಡಿ. ಅದಕ್ಕೊಂದು ಬೇರೆ ಬಣ್ಣ ಕೊಡಿ. ಕೇಳಲು ಸಣ್ಣ ವಿಷಯ, ಮಾಡಿ ನೋಡಿ.

ತಂತ್ರಜ್ಞಾನ ಕೈಯಲ್ಲಿದ್ದೂ ಕಂಪನಿ ಬದಲಾಗದಿದ್ದರೆ ಏನಾಗುತ್ತದೆ ಎಂಬುದಕ್ಕೆ ಫೋಟೋ ಫಿಲ್ಮ್ ಮಾಡುತ್ತಿದ್ದ ಕೊಡಾಕ್ ಕಂಪನಿಯ ಕಥೆಯನ್ನು ಎಲ್ಲರೂ ಹೇಳುತ್ತಾರೆ. 1975ರಲ್ಲಿ ಅಲ್ಲಿಯ ಎಂಜಿನಿಯರ್ ಸ್ಟೀವನ್ ಸ್ಯಾಸನ್ ಡಿಜಿಟಲ್ ಕ್ಯಾಮೆರಾ ಮಾಡಿದ್ದರು. ಒಂದು ಚಿತ್ರ ಕ್ಯಾಸೆಟ್ ಟೇಪಿಗೆ ಇಳಿಯಲು 23 ಸೆಕೆಂಡ್ ಬೇಕಿತ್ತು. 2012ರ ಜನವರಿಯಲ್ಲಿ ಕಂಪನಿ ದಿವಾಳಿ ರಕ್ಷಣೆಗೆ ಅರ್ಜಿ ಹಾಕಿತು. ನನಗೆ ಜಪಾನಿನ ಫ್ಯೂಜಿಫಿಲ್ಮ್ ಹೆಚ್ಚು ಕಲಿಸುತ್ತದೆ. ಅವರ ಫಿಲ್ಮ್ ವ್ಯಾಪಾರವೂ ಮುಳುಗುತ್ತಿತ್ತು. 'ನಾವು ಏನು ಮಾರುತ್ತೇವೆ' ಎಂದು ಕೇಳುವ ಬದಲು 'ನಮಗೆ ಏನು ಗೊತ್ತು' ಎಂದು ಕೇಳಿಕೊಂಡರು. ಫಿಲ್ಮ್ ಮಾಡುವವರಿಗೆ ಕೊಲಾಜೆನ್ (ಚರ್ಮದಲ್ಲೂ ಇರುವ ಪ್ರೋಟೀನ್) ಗೊತ್ತು, ಬಣ್ಣ ಮಾಸದಂತೆ ತಡೆಯುವ ರಸಾಯನ ಗೊತ್ತು, ತೆಳು ಪದರ ಹಾಸುವುದು ಗೊತ್ತು. ಆ ತಿಳಿವಳಿಕೆಯಿಂದ ಚರ್ಮದ ಆರೈಕೆಯ ಉತ್ಪನ್ನಗಳೂ ಎಲ್‌ಸಿಡಿ ಪರದೆಗೆ ಬೇಕಾದ ಫಿಲ್ಮೂ ಬಂದವು. ನಿಮಗೂ ಪಂಪ್‌ನ ಕೆಳಗೆ ಒಂದು ತಿಳಿವಳಿಕೆ ಇದೆ. ನೀರು ಎಲ್ಲಿ, ಯಾವಾಗ, ಎಷ್ಟು ಒತ್ತಡದಲ್ಲಿ ಬೇಕು ಎಂದು ನಿಮ್ಮಷ್ಟು ತಿಳಿದವರು ಕಡಿಮೆ.

ಆ ತಿಳಿವಳಿಕೆಯನ್ನು ಮಾರುವ ದಾರಿಯೂ ಇದೆ. ಬ್ರಿಟನ್ನಿನ ಬ್ರಿಸ್ಟಲ್ ಸಿಡ್ಲಿ ಕಂಪನಿ 1962ರಲ್ಲೇ ವಿಮಾನದ ಎಂಜಿನ್ ನಿರ್ವಹಣೆಗೆ ಹಾರಾಟದ ಗಂಟೆಗಿಷ್ಟು ಎಂದು ಹಣ ಪಡೆಯಲು ಶುರು ಮಾಡಿತು. ಆಮೇಲೆ ಅದನ್ನು ಕೊಂಡ ರೋಲ್ಸ್-ರಾಯ್ಸ್ ಈ ಪದ್ಧತಿಯನ್ನು ಬೆಳೆಸಿತು. ಗಮನಿಸಿ, ಆಗ ಹಾರುತ್ತಿರುವ ಎಂಜಿನ್‌ನಿಂದ ನೆಲಕ್ಕೆ ಡೇಟಾ ಕಳಿಸುವ ವ್ಯವಸ್ಥೆ ಇರಲಿಲ್ಲ. ಮೊದಲು ಬಂದದ್ದು ವ್ಯವಹಾರದ ಯೋಚನೆ: ಎಂಜಿನ್ ಕೆಟ್ಟಷ್ಟೂ ತಯಾರಕನಿಗೆ ಲಾಭ ಎಂಬುದು ತಿರುಗಿ, ಕೆಡದಷ್ಟೂ ಲಾಭ ಎಂದಾಯಿತು. ಹಾರುತ್ತಿರುವ ಎಂಜಿನ್‌ನಿಂದಲೇ ಡೇಟಾ ಬರತೊಡಗಿದ ಮೇಲೆ ಅದು ದೊಡ್ಡದಾಯಿತು. ನೀವು ನಾಳೆಯೇ ಪಂಪ್ ಮಾರುವುದು ಬಿಟ್ಟು ನೀರಿನ ಗಂಟೆ ಮಾರಿ ಎಂದು ಹೇಳುತ್ತಿಲ್ಲ. ಆದರೆ ಸೆನ್ಸರ್ ಹಾಕುವ ಮೊದಲು ಯಾರ ಲಾಭ ಯಾವುದಕ್ಕೆ ಕಟ್ಟಿದೆ ಎಂದು ನೋಡಿ. ಬಿಡಿಭಾಗ ಮಾರುವ ನಿಮ್ಮದೇ ವಿಭಾಗಕ್ಕೆ ಪಂಪ್ ಕೆಡುವುದರಿಂದಲೇ ಆದಾಯವಾದರೆ, ಕೆಡದಂತೆ ಮಾಡುವ ಯೋಚನೆ ಅಲ್ಲಿಂದ ಬರಲಾರದು.

ಶುರು ಎಲ್ಲಿಂದ? ದೊಡ್ಡ ಹೆಸರಿನ ಇನೊವೇಶನ್ ಸೆಂಟರ್ ಬೇಡ. ನಾಲ್ಕೈದು ಜನರ ಒಂದು ತಂಡ ಸಾಕು: ಡಿಸೈನ್‌ನಿಂದ ಒಬ್ಬರು, ಶಾಪ್ ಫ್ಲೋರ್‌ನಿಂದ ಒಬ್ಬರು, ಸರ್ವಿಸ್‌ನಿಂದ ಒಬ್ಬರು, ಡೇಟಾ ಬಲ್ಲವರು ಒಬ್ಬರು. ವಿಭಾಗಗಳನ್ನು ಬೆರೆಸಿ ಎಂದು ಒತ್ತಿ ಹೇಳುತ್ತೇನೆ. ಒಂದು ಸಂಸ್ಥೆ ಕಟ್ಟುವ ವ್ಯವಸ್ಥೆ ಆ ಸಂಸ್ಥೆಯೊಳಗಿನ ಮಾತುಕತೆಯ ಆಕಾರವನ್ನೇ ತಾಳುತ್ತದೆ ಎಂದು ಕಂಪ್ಯೂಟರ್ ತಜ್ಞ ಮೆಲ್ವಿನ್ ಕಾನ್‌ವೇ 1968ರಲ್ಲಿ ಬರೆದದ್ದು ಇಂದಿಗೂ ನಿಜ. ಆ ತಂಡಕ್ಕೆ ಕೇಳದೆ ಖರ್ಚು ಮಾಡಬಹುದಾದ ಸಣ್ಣ ಮೊತ್ತ ಕೊಡಿ. ಎಲ್ಲ ವಿಭಾಗದ ಡೇಟಾ ನೋಡುವ ಹಕ್ಕು ಕೊಡಿ. ಸೋತ ಪ್ರಯೋಗವನ್ನೂ ಬರೆದಿಡಲಿ. ನೀವು ಅಳೆಯಬೇಕಾದ್ದು ಒಂದೇ: ಒಬ್ಬರು ಯೋಚನೆ ಹೇಳಿದ ದಿನದಿಂದ ಅದರ ಮೊದಲ ಪ್ರಯೋಗ ನಡೆದ ದಿನಕ್ಕೆ ಎಷ್ಟು ದಿನ ಹಿಡಿಯಿತು? ಕಳೆದ ವರ್ಷದ ಒಂದೆರಡು ಯೋಚನೆ ತೆಗೆದುಕೊಂಡು ಈಗಲೇ ಲೆಕ್ಕ ಹಾಕಿ. ಆ ಸಂಖ್ಯೆ ಇಳಿಯುತ್ತಿದ್ದರೆ ನಿಮ್ಮ ಡಿಜಿಟಲ್ ಪರಿವರ್ತನೆ ಕೆಲಸ ಮಾಡುತ್ತಿದೆ.

ಕೊನೆಯದಾಗಿ ಎಐ ಸಾಫ್ಟ್‌ವೇರ್. ಈಗಲೇ ದೊಡ್ಡ ಮೊತ್ತಕ್ಕೆ ಸಹಿ ಹಾಕಬೇಡಿ. ನಿಮ್ಮ ಸರ್ವಿಸ್ ಎಂಜಿನಿಯರುಗಳು ಮೂರು ವರ್ಷದಲ್ಲಿ ಬರೆದ ಟಿಪ್ಪಣಿಗಳನ್ನು, ಆ ಗುಟ್ಟಿನ ಎಕ್ಸೆಲ್‌ಗಳನ್ನೂ ಸೇರಿಸಿ, ಒಂದು ಕಡೆ ತನ್ನಿ. ಗ್ರಾಹಕರ ಹೆಸರು, ಫೋನ್ ನಂಬರ್ ತೆಗೆದುಹಾಕಿ. ತಿಂಗಳ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ಒಂದು ಸಾಧನದಿಂದ, ಪಟ್ಟಿಯ ಹನ್ನೆರಡು ಬಗೆಗೆ ಸೇರದ ದೂರುಗಳು ಯಾವುವು ಎಂದು ಗುಂಪು ಮಾಡಿಸಿ. ಉತ್ತರವನ್ನು ಹಾಗೇ ನಂಬದೆ ಸರ್ವಿಸ್‌ನವರ ಮುಂದಿಡಿ. ಅವರು 'ಹೌದು, ಇದನ್ನೇ ನಾವು ಹೇಳುತ್ತಿದ್ದೆವು' ಎಂದರೆ ನಿಮ್ಮ ಮೊದಲ ಪ್ರಯೋಗ ಸಿಕ್ಕಿದೆ. ಅದನ್ನು ಹೇಳಿದ್ದು ಯಾರು ಎಂದು ಕೇಳಿ, ಅವರನ್ನೇ ತಂಡಕ್ಕೆ ಕರೆಯಿರಿ.